ಕುಸುಬಿ ಎಣ್ಣೆಯಲ್ಲಿ ಮುಳುಗಿದ ಕಂಪ್ಯೂಟರ್

ಹಿರೇಕೆರೂರಿನಲ್ಲಿ ನಮ್ಮದು ಎಣ್ಣೆ ಗಾಣ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಗಾಣದಲ್ಲಿ ಕುಳಿತವನು ಇವತ್ತಿಗೂ ಅಲ್ಲೇ ಇದ್ದೇನೆ. ಎಣ್ಣೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕಿನಲ್ಲಿ ಮೊಮ್ಮಗಳಿಗೆ ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮಗಳ ಮಗಳು ನಮ್ಮಲ್ಲಿದ್ದು ಡಿಪ್ಲೊಮಾ ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮೀನು ಸಾಕುವ ಗಾಜಿನ ತೊಟ್ಟಿ ತಂದಳು. ಹಳೆಯ ಕಂಪ್ಯೂಟರಿನ ಬೋರ್ಡನ್ನು ಅದರಲ್ಲಿಟ್ಟು, ಹುಬ್ಬಳ್ಳಿಯಿಂದ ತರಿಸಿದ, ಟ್ರಾನ್ಸ್‌ಫಾರ್ಮರಿಗೆ ಹಾಕುವ ಡಬ್ಬಿಯ ಎಣ್ಣೆಯನ್ನು ಅದು ಮುಳುಗುವಷ್ಟು ಸುರಿದಳು.

"ಏ ತಂಗಿ, ಕರೆಂಟ್ ಹಾಕಿದ್ರ ಭಜಿ ಕರದಂಗ ಕರೀತೈತಿ ನೋಡ!"

"ಭಜಿ ಅಲ್ಲ ಅಜ್ಜಾ, ತಣ್ಣಗ ಆಕ್ಕೈತಿ. ಈ ಎಣ್ಯಾಗ ಕರೆಂಟ್ ಹರಿಯೂದಿಲ್ಲ. ಈಗಿನ ದೊಡ್ಡ ಕಂಪ್ಯೂಟರ್ ಭಾಳ ಕಾಯ್ತಾವು, ಫ್ಯಾನಿನ ಗಾಳಿ ಸಾಲೂದಿಲ್ಲ. ಅದಕ್ಕ ಹಿಂಗ ಮುಳುಗಸಾಕತ್ತಾರ."

ಸಣ್ಣದೊಂದು ಪಂಪು ತೊಟ್ಟಿಯ ಎಣ್ಣೆಯನ್ನು ತಿರುಗಿಸುತ್ತಿತ್ತು. ಬೋರ್ಡು ನಿಜಕ್ಕೂ ಕಾಯಲಿಲ್ಲ. ಆದರೆ ಗಾಣದ ಮನೆಯ ಹುಡುಗಿ ಪೇಟೆಯ ಡಬ್ಬಿ ಎಣ್ಣೆಯನ್ನು ನಾಲ್ಕು ಮಂದಿಗೆ ತೋರಿಸುವುದೆಂದರೇನು? ಅವಳು ರಟ್ಟೀಹಳ್ಳಿಗೆ ಮದುವೆಗೆ ಹೋದ ದಿನ ಆ ಎಣ್ಣೆ ತೆಗೆದು ನಮ್ಮ ಕುಸುಬಿ ಎಣ್ಣೆ ತುಂಬಿದೆ. ಎರಡೂ ತಿಳಿ ಹಳದಿ. ಮನೆತುಂಬ ಇರುವುದು ಅದೇ ವಾಸನೆಯಾದ್ದರಿಂದ ಅವಳಿಗೆ ಅನುಮಾನ ಬರಲಿಲ್ಲ.

ಕಾಲೇಜಿನ ಪ್ರದರ್ಶನ ಹತ್ತಿರ ಬಂದಾಗ ಪಂಪು ನಿಂತಿತು. ಬೋರ್ಡು ಕಾದು ಕೆಟ್ಟಿತು. ಅವಳು ಲೆಕ್ಕದ ಹಾಳೆಗಳನ್ನು ಹರವಿಕೊಂಡು ಅಳುತ್ತಿದ್ದಳು.

"ನನ್ನ ಲೆಕ್ಕಾನ ತಪ್ಪೇತಿ ಅಜ್ಜಾ. ನಾಳೆ ಹೋಗಿ ಹೆಸರು ತಗಸ್ತೇನಿ."

ತೊಟ್ಟಿಯಲ್ಲಿ ಬೆರಳಿಟ್ಟೆ. ಎಣ್ಣೆ ಅಂಟು ಅಂಟಾಗಿತ್ತು. ಕುಸುಬಿ ಎಣ್ಣೆ ಕಾದರೆ, ದಿನಗಟ್ಟಲೆ ಬೆಚ್ಚಗಿದ್ದರೂ, ಮೇಣವಾಗುತ್ತದೆ; ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲು ಸೋರದಿರಲೆಂದು ಅಪ್ಪ ಅದನ್ನೇ ಕಾಯಿಸಿ ಹಚ್ಚುತ್ತಿದ್ದ. ಕಂಡು ಬೆಳೆದದ್ದನ್ನೇ ಮರೆತಿದ್ದೆ. ಎಣ್ಣೆ ಬದಲಿಸಿದ್ದನ್ನು ಹೇಳಿದೆ.

ಅವಳು ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡಳು. "ಹಂಗಾದ್ರ ನನ್ನ ಲೆಕ್ಕ ಸರಿ ಐತಿ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಸಿಟ್ಟು ಬಂತು. "ನಿನ್ನ ಕೂಡ ಮಾತಾಡೂದಿಲ್ಲ ಹೋಗ! ನನ್ನ ಎಣ್ಣಿ ಎಲ್ಲಿ ಚೆಲ್ಲಿದಿ?"

ನಾನು ಚೆಲ್ಲಿರಲಿಲ್ಲ. ಗಾಣದವನ ಕೈ ಯಾವ ಎಣ್ಣೆಯನ್ನೂ ಚೆಲ್ಲಲು ಒಪ್ಪುವುದಿಲ್ಲ. ಡಬ್ಬಿ ಅಟ್ಟದ ಮೇಲಿತ್ತು. ಮರುದಿನ ಅಕ್ಕಿಆಲೂರಿನ ರಿಪೇರಿ ಅಂಗಡಿಯಿಂದ ಇನ್ನೊಂದು ಹಳೆಯ ಬೋರ್ಡು ತಂದುಕೊಟ್ಟೆ. ಬಿಸಿನೀರು, ಸೋಪಿನಪುಡಿ ಹಾಕಿ ತೊಟ್ಟಿ, ಪಂಪು ತಿಕ್ಕಿದೆ. ಅವಳು ಮಾತಾಡದೆಯೇ ಪಕ್ಕದಲ್ಲಿ ಕುಳಿತು ತಿಕ್ಕಿದಳು.

ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ತೊಟ್ಟಿ ಚೆನ್ನಾಗಿ ನಡೆಯಿತು. ಅಂಟು ಮೆತ್ತಿದ ಬೋರ್ಡನ್ನೂ ಅವಳು ಪಕ್ಕದಲ್ಲಿಟ್ಟಿದ್ದಳು. ಸರ್ ಒಬ್ಬರು ಅದೇನೆಂದು ಕೇಳಿದರು.

"ನಮ್ಮ ಅಜ್ಜ ಹೇಳ್ತಾರ್ರಿ ಸರ್. ಅವರೇ ಮಾಡಿದ್ದು."

ಎಲ್ಲರೂ ನನ್ನತ್ತ ತಿರುಗಿದರು. ಕಪಿಲೆಯ ತೊಗಲಿನಿಂದ ಹಿಡಿದು ಎಲ್ಲ ಹೇಳಿದೆ. ನಕ್ಕರು, ಆಮೇಲೆ ಪ್ರಶ್ನೆ ಕೇಳುತ್ತಲೇ ಹೋದರು. ನನ್ನ ತಪ್ಪನ್ನು ಅವಳು ಮುಚ್ಚಿಡಲಿಲ್ಲ, ನನ್ನನ್ನೂ ಹೊರಗಿಡಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ.

ತೊಟ್ಟಿ ಈಗಲೂ ಗಾಣದ ಕೋಣೆಯಲ್ಲಿ ನಡೆಯುತ್ತಿದೆ. ಮುಚ್ಚಳಕ್ಕೊಂದು ಕೀಲಿ ಹಾಕಿಕೋ ಎಂದೆ.

"ಯಾಕ? ಕಾಯಾಕ ನೀ ಅದೀಯಲ್ಲ" ಎಂದು ಕಾಲೇಜಿಗೆ ಹೋದಳು.