ಪಹಣಿಯಲ್ಲಿದ್ದ ನನ್ನ ಹೆಸರು

ಮೂವತ್ತೊಂದು ವರ್ಷ ಹರದನಹಳ್ಳಿ ಕಡೆಯ ಅಂಗನವಾಡಿಯೊಂದರಲ್ಲಿ ಊರ ಮಕ್ಕಳ ಮೂಗು ಒರೆಸಿ, ಅರವತ್ತಾದ ದಿನ ಒಂದು ಶಾಲು, ಒಂದು ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಪಿಂಚಣಿ ಗಿಂಚಣಿ ಏನೂ ಇಲ್ಲ. ನಮಗೆ ಕೊಡುತ್ತಿದ್ದದ್ದು ಸಂಬಳವಲ್ಲವಂತೆ, ಗೌರವಧನವಂತೆ. ಆ ಗೌರವ ಎಂಥದೆಂದು ಮರುತಿಂಗಳೇ ಗೊತ್ತಾಯಿತು. ಕೈಗೆ ಬಂದ ಇಡಿಗಂಟು ಗಂಡನ ಆಸ್ಪತ್ರೆಗೆ ಹೋಯಿತು. ಗಾರೆ ಕೆಲಸದವನು, ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿತ್ತು. ದಿನಾ ಮಾತ್ರೆ ನುಂಗಲೇಬೇಕು.

ಇನ್ನು ಉಳಿದದ್ದು ವೃದ್ಧಾಪ್ಯ ವೇತನವೊಂದೇ. ಊರಿನ ಎಷ್ಟೋ ಮುದುಕಿಯರ ಅರ್ಜಿ ತುಂಬಿಕೊಟ್ಟವಳು ನಾನು, ನನ್ನದೇನು ಮಹಾ ಎಂದುಕೊಂಡು ನಾಡಕಚೇರಿಗೆ ಹೋದೆ. ಆದಾಯ ಪ್ರಮಾಣಪತ್ರಕ್ಕೆ ವರದಿ ಬರೆಯಬೇಕಾದ ಗ್ರಾಮ ಲೆಕ್ಕಿಗ ಕಂಪ್ಯೂಟರ್ ನೋಡಿ ತಲೆಯಾಡಿಸಿದ.

"ಹಂಗಳದಲ್ಲಿ ನಿಮ್ಗೆ ನೀರಾವರಿ ಜಮೀನದೆ ಅಂತ ತೋರುಸ್ತದೆ ಕಣಮ್ಮ. ಆದಾಯ ಮಿತಿ ದಾಟೋಯ್ತದೆ. ನಾನೇನ್ಮಾಡ್ಲಿ?"

ಹಂಗಳ ನನ್ನ ತವರು. ಅಪ್ಪ ಸತ್ತಾಗ ತಮ್ಮ ಜಂಟಿ ಖಾತೆ ಮಾಡಿಸಿ, ಪಹಣಿಯಲ್ಲಿ ತನ್ನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹಾಕಿಸಿದ್ದ. ಕಾನೂನು ಹಾಗಿತ್ತು, ಅವನ ಧಾರಾಳವೇನಲ್ಲ. ಆದರೂ ನನಗೆ ಎಂಥ ಹೆಮ್ಮೆ! ಹೋದ ವರ್ಷ ಪಹಣಿಗೆ ಆಧಾರ್ ಜೋಡಿಸಬೇಕೆಂದು ಕರೆದಾಗ ಕೆಲಸ ಬಿಟ್ಟು, ಬಸ್ಸು ಹತ್ತಿ ಹೋಗಿ ಖುಷಿಯಿಂದ ಕಾರ್ಡು ಕೊಟ್ಟು ಬಂದಿದ್ದೆ. ಆ ಹೊಲದಲ್ಲಿ ಅವನು ಅರಿಸಿನ ಬೆಳೆದ, ಚೆಂಡುಹೂ ಬೆಳೆದ. ಸಾರಿಗೆ ಹಾಕಲು ಒಂದು ಚಿಟಿಕೆ ಅರಿಸಿನ ಕೂಡ ನನ್ನ ಮನೆಗೆ ಬರಲಿಲ್ಲ. ಸರ್ಕಾರದ ಕಣ್ಣಿಗೆ ಮಾತ್ರ ನಾನು ಜಮೀನುದಾರಳು! ಮೈಯೆಲ್ಲ ಉರಿದುಹೋಯಿತು.

ಅದೇ ಉರಿಯಲ್ಲಿ ತವರಿಗೆ ಹೋದೆ. "ನನ್ ಭಾಗ ಅಳದು ಕೊಟ್ಬುಡ್ಲಾ, ಗುತ್ತಿಗೆಗಾದ್ರೂ ಕೊಟ್ಕೊಂಡು ತಿಂತೀನಿ" ಅಂದೆ.

ತಮ್ಮ ಚಾಪೆಯ ಅಂಚು ಕೀಳುತ್ತ ಕೂತಿದ್ದ. "ಇರದ್ನೇ ಒಡದ್ರೆ ಇಬ್ರಿಗೂ ಗಿಟ್ಟಲ್ಲ ಕಣಕ್ಕ. ನೀನು ಹಕ್ಕು ಬುಟ್ಕೊಟ್ಬುಡು. ಪಹಣಿಲಿ ನಿನ್ನೆಸ್ರು ಓದ್ರೆ ನಿಂಗೆ ಪಿಂಚಣಿ ಬತ್ತದೆ."

"ಆಹಾ, ಎಷ್ಟು ಚೆಂದಾಗಿ ಯೋಚ್ನೆ ಮಾಡಿದೀಯಲಾ! ಕೋರ್ಟಿಗೆ ಓಯ್ತೀನಿ, ನೋಡ್ತಿರು."

"ಓಗು. ಅದು ಮುಗಿಯೊತ್ಗೆ ಭಾವ ಇರ್ತಾರಾ?"

ಅವನು ಕೇಡಿನಿಂದ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಆವತ್ತು ಅವನ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ವಾಪಸು ಬಂದೆ. ಮನೆಯಲ್ಲಿ ಮಾತ್ರೆಯ ಹಾಳೆಯಲ್ಲಿ ಮೂರೇ ಮೂರು ಉಳಿದಿದ್ದವು. ಬೆಳಿಗ್ಗೆ ನಾನೇ ತಮ್ಮನಿಗೆ ಫೋನು ಮಾಡಿದೆ.

ಗುಂಡ್ಲುಪೇಟೆಯ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವವನು ಎಲ್ಲವನ್ನೂ ಟೈಪು ಮಾಡಿ ಇಟ್ಟಿದ್ದ. ನಾನು ಹೆಬ್ಬೆಟ್ಟಿನವಳಲ್ಲವಲ್ಲ, ಕೂತು ಪೂರ್ತಿ ಓದಿದೆ. 'ಯಾರ ಬಲವಂತವೂ ಇಲ್ಲದೆ, ಸಂಪೂರ್ಣ ಮನಸ್ಸಿನಿಂದ' ನನ್ನ ಹಕ್ಕನ್ನು ಬಿಟ್ಟುಕೊಡುತ್ತಿದ್ದೇನೆ ಎಂದಿತ್ತು. ಒಳಗೆ ಅಧಿಕಾರಿಯೂ ಅದನ್ನೇ ಕೇಳಿದರು.

"ಯಾರಾದ್ರೂ ಬಲವಂತ ಮಾಡಿದ್ದಾರೇನಮ್ಮ?"

ತಮ್ಮನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. "ಇಲ್ಲ ಸಾರ್" ಅಂದೆ. ಸಹಿ ಹಾಕಿಸಿಕೊಂಡರು, ಫೋಟೋ ಹಿಡಿದರು, ಮುಂದಿನವರನ್ನು ಕರೆದರು. ಹೊರಗೆ ಬಂದಾಗ ತಮ್ಮ ಒಂದು ಸೀರೆಯ ಕವರು ಚಾಚಿದ. ಮುಖದ ಮೇಲೆ ಎಸೆಯಬೇಕು ಅನ್ನಿಸಿತು. ಹಾಳಾಗಿ ಹೋಗಲಿ ಎಂದು ತೆಗೆದುಕೊಂಡೆ.

ಅಲ್ಲಿಯವರೆಗೆ ಸಾಲ ಮಾಡಿ ಮಾತ್ರೆ ತಂದೆ. ಕೆಲವು ತಿಂಗಳಿಗೆ ಪಹಣಿಯಲ್ಲಿ ನನ್ನ ಹೆಸರು ಹೋಯಿತು, ಆದಾಯ ಪ್ರಮಾಣಪತ್ರ ಸಿಕ್ಕಿತು, ವೃದ್ಧಾಪ್ಯ ವೇತನವೂ ಶುರುವಾಯಿತು. ಮೊದಲ ತಿಂಗಳ ದುಡ್ಡಿನಲ್ಲಿ ಚಾಮರಾಜನಗರದ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಗಂಡನ ಅಂಗೈಗೆ ಹಾಕಿದೆ. ಅವನ ಕಣ್ಣು ತುಂಬಿತು.

"ಸರ್ಕಾರದೋರು ಕೈ ಬುಡ್ಲಿಲ್ಲ ಕಣಮ್ಮಿ. ಅವರೊಟ್ಟೆ ತಣ್ಣಗಿರ್ಲಿ."

ನೀರಿನ ಲೋಟವನ್ನು ಅವನ ಮುಂದೆ ಕುಕ್ಕಿದೆ.

"ಸರ್ಕಾರದ್ದಲ್ಲ. ನಮ್ಮಪ್ಪನ ಒಲ ಅದು. ನುಂಗು."