ಮಗ್ಗದ ಮುಂದೆ ಇಟ್ಟ ಮೂರು ಗಾಜಿನ ಬಟ್ಟಲು

ತೊಂಬತ್ತರ ದಶಕದ ಕೊನೆಯಲ್ಲಿ, ಮಗಳು ಸೇಲಂ ಕಾಲೇಜಿನಲ್ಲಿ ಔಷಧಗಳ ವಿಚಾರವಾಗಿ ಮೇಲಿನ ಓದು ಓದುತ್ತಿದ್ದ ಕಾಲ. ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವಳ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ದೀಪಾವಳಿಯೊಳಗೆ ಹರಳು ತೋರಿಸು, ಇಲ್ಲವಾದರೆ ಬೇರೆ ವಿಷಯ ಹಿಡಿ. ಬೇರೆ ಹಿಡಿದರೆ ಇನ್ನೊಂದು ವರ್ಷ. ನಮ್ಮತ್ತೆ ಮೊಮ್ಮಗಳ ಓದಿಗೆ ಒಪ್ಪಿದ್ದೇ ಈ ವರ್ಷಕ್ಕೆ ಮುಗಿಯುತ್ತದೆ ಎಂಬ ಮಾತಿನ ಮೇಲೆ.

ಅವಳ ಔಷಧಿ ನೀರಿಗೆ ಕರಗುತ್ತಿರಲಿಲ್ಲ. ಕರಗದ್ದು ಮೈಗೆ ಹತ್ತುವುದೆಲ್ಲಿ? ಅದನ್ನು ಒಂದು ಹುಳಿ ಪುಡಿಯ ಜೊತೆ ಒಂದೇ ಹರಳಿನೊಳಗೆ ಕೂರಿಸಬೇಕಿತ್ತು. ಬರೀ ಬೆರೆಸಿದರೆ ಸಾಲದು. ಒಂದು ತೊಟ್ಟು ಸ್ಪಿರಿಟ್ ಬಿಟ್ಟು ಕಲ್ಲಿನಲ್ಲಿ ಅರೆದು ನೋಡಿದಳು. ಒಂದಾಗಿದ್ದರೆ ಕಾಯಿಸಿದಾಗ ಒಂದೇ ಬಿಸಿಗೆ ಕರಗಬೇಕು; ಇವೆರಡೂ ತಮ್ಮ ತಮ್ಮ ಬಿಸಿಗೆ ಬೇರೆ ಬೇರೆಯಾಗಿಯೇ ಕರಗಿದವು. ಎರಡನ್ನೂ ಸ್ಪಿರಿಟ್‌ನಲ್ಲಿ ಕರಗಿಸಿ ಆರಲು ಬಿಟ್ಟರೆ ಔಷಧಿ ಮೊದಲು ತಳ ಹಿಡಿಯುತ್ತಿತ್ತು, ಹುಳಿ ಮೇಲೆಯೇ ಉಳಿಯುತ್ತಿತ್ತು. ಒಮ್ಮೆ ಮಾತ್ರ ಕೂಡಿಬಂದಿತ್ತಂತೆ. ಆಮೇಲೆ ಎಷ್ಟು ಮಾಡಿದರೂ ಇಲ್ಲ.

ಪೂಜೆ ರಜೆಗೆ ಕಾಲೇಜು ಮುಚ್ಚಿದಾಗ ಸ್ಪಿರಿಟ್‌ನಲ್ಲಿ ಎರಡನ್ನೂ ಕರಗಿಸಿದ್ದ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಮ್ಮೂರು ತಾರಮಂಗಲಕ್ಕೆ ಬಂದಳು. ಅಡುಗೆಮನೆಯಲ್ಲಿ ಒಲೆ, ಸ್ಪಿರಿಟ್‌ಗೆ ಬೆಂಕಿ ಹತ್ತೀತೆಂದು ಮೂರು ಗಾಜಿನ ಬಟ್ಟಲಿಗೆ ಹುಯ್ದು ಮಗ್ಗದ ಕೋಣೆಯಲ್ಲಿಟ್ಟಳು. ಮೆಲ್ಲಗೆ ಆರಲೆಂದು ಒಂದೊಂದರ ಮೇಲೂ ಸೂಜಿಯಿಂದ ಚುಚ್ಚಿದ ಕಾಗದದ ಮುಚ್ಚಳ. ನೂಲು ಹರಿಯದಿರಲೆಂದು ಅಲ್ಲಿ ನೆಲಕ್ಕೆ ನೀರು ಚಿಮುಕಿಸುತ್ತೇವೆ. ಆ ತೇವ ಬಟ್ಟಲಿಗೆ ತಾಗೀತೆಂದು ಅವಳಿಗೆ ಭಯ. ಯಜಮಾನರು ಮಗ್ಗ ಬಡಿದಾಗೆಲ್ಲ ಬಟ್ಟಲು ನಡುಗುತ್ತಿತ್ತು. ಆಯುಧಪೂಜೆ ಬಂತು, ಮಗ್ಗ ನಿಂತಿತು. ದೇವರು ದೊಡ್ಡವನು ಅಂದುಕೊಂಡೆ.

ಅಷ್ಟರಲ್ಲಿ ಕೋಣೆಯಿಂದ ಮಗಳ ಕೂಗು. "ಅಜ್ಜೀ! ಏನ್ ಮಾಡ್ಬುಟ್ಟೆ!"

ಅತ್ತೆ ಬಟ್ಟಲುಗಳನ್ನು ಮಗ್ಗದ ಮುಂದೆ ಸಾಲಾಗಿಟ್ಟು, ಮುಚ್ಚಳ ತೆಗೆದು, ಮೊದಲನೆಯದಕ್ಕೆ ಕುಂಕುಮ ಉದುರಿಸಿಬಿಟ್ಟಿದ್ದರು.

"ಯಾಕಮ್ಮಿ ಕಿರುಚ್ತೀಯ? ಮಗ್ಗಕ್ಕೆ ಇಟ್ಟೆ, ಕತ್ರಿಗೆ ಇಟ್ಟೆ. ಇದು ನಿನ್ ಆಯುಧ ತಾನೆ?"

"ಔಷಧಿಗೆ ಯಾರಾದ್ರೂ ಕುಂಕುಮ ಆಕ್ತಾರಾ?"

"ಓಹೋ! ಸಾಮಿಗಿಂತ ನಿನ್ ಔಷಧಿ ದೊಡ್ಡದಾಯ್ತಾ? ಮುಚ್ಚಳ ಬೇಕಾದ್ರೆ ಮುಚ್ಚು. ಬಟ್ಟಲು ಮಾತ್ರ ನಾಳೆಗಂಟ ಕದಲಿಸಂಗಿಲ್ಲ. ಓಗು, ಕಡ್ಲೆ ಸುಂಡಲ್ ತಿನ್ನೋಗು."

ಪೂಜೆಗಿಟ್ಟದ್ದನ್ನು ಕದಲಿಸುವುದಾದರೂ ಹೇಗೆ? ನಾನು ಪಾಯಸಕ್ಕೆ ಒಲೆ ಹಚ್ಚಿದೆ. ಮಗಳು ಬಾಗಿಲಿಗೂ ಜಗಲಿಗೂ ತಿರುಗಿದಳು. ಕೈಗೆ ಕೆಲಸವಿಲ್ಲದ ಅವಳಪ್ಪ ಬೀದಿಗೂ ಒಳಗೂ ತಿರುಗಿದರು. ಪಾಯಸ ತಳ ಹಿಡಿಯಿತು.

ಮರುದಿನ ವಿಜಯದಶಮಿ. ಕುಂಕುಮದ ಬಟ್ಟಲಲ್ಲಿ ಅಭ್ರಕದ ಚೂರಿನಂಥ ಹರಳುಗಳು ಮಿನುಗುತ್ತಿದ್ದವು. ಉಳಿದೆರಡರಲ್ಲಿ ಬರೀ ತಿಳಿ ಸ್ಪಿರಿಟ್.

"ಕಲ್ಸಕ್ಕರೆ ಕಟ್ಟಕ್ಕೆ ನೂಲು ಬಿಟ್ಟಂಗೆ, ಹರಳಿಗೂ ಹಿಡಿಯಕ್ಕೆ ಏನಾದ್ರೂ ಬೇಕಮ್ಮ. ಧೂಳಾದ್ರೂ ಸಾಕು," ಎಂದಳು ಮಗಳು. "ಆದ್ರೆ ಇದನ್ನ ತೋರಿಸಕ್ಕಾಗಲ್ಲ, ಕುಂಕುಮ ಐತೆ. ಬೇಕಾದ್ ಹರಳೇನಾ ಅಂತಾನೂ ಗೊತ್ತಿಲ್ಲ."

ಕೆಂಪು ಸೋಕದ ಅಂಚಿನಿಂದ ಒಂದೇ ಒಂದು ಚೂರನ್ನು ಚಿಮಟದಲ್ಲಿ ಎತ್ತಿ, ತೊಳೆದು, ಎರಡನೇ ಬಟ್ಟಲಿಗೆ ಬಿಟ್ಟಳು, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ದಶಮಿಯ ದಿನ ಶಾಸ್ತ್ರಕ್ಕಾದರೂ ನೇಯಲೇಬೇಕು. ಯಜಮಾನರು ಉಸಿರು ಬಿಗಿಹಿಡಿದು, ಗೇಣುದ್ದ, ಮೆಲ್ಲಗೆ ನೇಯ್ದರು.

"ಮಗ್ಗಕ್ಕೆ ಜ್ವರ ಬಂದಂಗೈತೆ," ಎಂದು ಅತ್ತೆ ನಕ್ಕರು.

ಸಂಜೆಯ ಹೊತ್ತಿಗೆ ಎರಡನೇ ಬಟ್ಟಲಿನ ತಳ ತುಂಬ ಹರಳು. ಮಗಳು ಮಾತ್ರ ನಗಲಿಲ್ಲ. ಔಷಧಿ ಒಂದೇ ಬಂದು ಕೂತಿದ್ದರೂ ನೋಡಕ್ಕೆ ಹಿಂಗೇ ಇರ್ತದೆ, ಕಾಯಿಸಿ ನೋಡಬೇಕು ಎಂದಳು.

ಕಾಲೇಜು ತೆರೆದ ದಿನ ಮೊದಲ ಬಸ್ಸಿಗೆ ಹೋದಳು. ಸಂಜೆ ದೀಪ ಹಚ್ಚಿ ಬಾಗಿಲಲ್ಲೇ ಕೂತೆ. ಅವಳು ಬಂದವಳೇ ಚಪ್ಪಲಿ ಬಿಡದೆ ಹೇಳಿದಳು: "ಅಮ್ಮಾ, ಔಷಧಿ ಕರಗೋ ಬಿಸಿಗೂ ಅಲ್ಲ, ಹುಳಿ ಕರಗೋ ಬಿಸಿಗೂ ಅಲ್ಲ. ನಡುವೆ, ಒಂದೇ ಕಡೆ ಕರಗ್ತು!"

"ಮೇಡಂ ಏನಂದ್ರು?"

"ವಿಷಯ ಬಿಡ್ಬೇಡ ಅಂದ್ರು. ಆದ್ರೆ ಕಾಲೇಜಲ್ಲೇ ಇನ್ನೊಂದ್ ಸಲ ತೆಗೆದು ತೋರಿಸ್ಬೇಕಂತೆ."

ಒಳಗಿನಿಂದ ಅತ್ತೆ ಕೇಳಿದರು, "ಅಂಗಾದ್ರೆ ಈ ವರ್ಸಕ್ಕೆ ಮುಗೀತದಾ?"

ಮಗಳು ನನ್ನ ಮುಖ ನೋಡಿದಳು. "ಮುಗೀತದೆ ಅತ್ತೆ," ಎಂದುಬಿಟ್ಟೆ. ನನಗೇನು ಗೊತ್ತು? ವಿಷಯ ಉಳಿಸಿಕೊಟ್ಟ ದೇವರಿಗೆ ಕೈ ಮುಗಿದು, ಆ ನಿಮಿಷದಿಂದಲೇ ಇನ್ನೊಂದು ಸಲಕ್ಕೆ ಬೇಡಿಕೊಳ್ಳಲು ಶುರುಮಾಡಿದೆ.