ಮುದ್ದೆಯ ಗ್ರಾಫು

ಹೊಸದುರ್ಗದ ನಮ್ಮ ಮನೆಯಲ್ಲಿ ಇವತ್ತು ಮಧ್ಯಾಹ್ನ ತಟ್ಟೆಗೆ ಬಿದ್ದ ರಾಗಿಮುದ್ದೆಯ ಹಬೆ ನನ್ನ ಕನ್ನಡಕವನ್ನೇ ಮಸುಕು ಮಾಡಿತು. ಒರೆಸಿಕೊಳ್ಳುತ್ತಾ ಪಕ್ಕದ ಹಾಳೆ ನೋಡಿದೆ. ನಾಳೆ ಚಿತ್ರದುರ್ಗದಲ್ಲಿ ನನ್ನ ಭೌತಶಾಸ್ತ್ರದ ಮೇಷ್ಟ್ರು ತಿಪ್ಪೇಶಪ್ಪನವರಿಗೆ ಸನ್ಮಾನ. ಪರಿಚಯ ಭಾಷಣ ನನ್ನದು. ಮೂರು ದಿನ ಉಗುರು ಕಚ್ಚಿದವನು ಕೊನೆಗೆ, ಹೋದ ವರ್ಷ ಇನ್ಯಾರಿಗೋ ಓದಿದ ಪರಿಚಯದಲ್ಲಿ ಹೆಸರೊಂದನ್ನು ಬದಲಿಸಿದ್ದೆ. 'ಅಪ್ರತಿಮ', 'ಮೇರು' ಎಲ್ಲ ಸಿದ್ಧವಾಗಿಯೇ ಇದ್ದವು. ನಗಬೇಡಿ; ವೇದಿಕೆ ಮೇಲೆ ತೊದಲುವ ಭಯ ಇದ್ದಿದ್ದರೆ ನೀವೂ ಹೀಗೇ ಮಾಡುತ್ತಿದ್ದಿರಿ.

ಈ ಚಾಳಿ ಹಳೆಯದು. ಡಿಗ್ರಿಯ ಕೊನೆಯ ವರ್ಷ ಚಿತ್ರದುರ್ಗದ ಕಾಲೇಜಿನಲ್ಲಿ ಬಿಸಿನೀರು ಆರುವ ಪ್ರಯೋಗ ಕೊಟ್ಟಿದ್ದರು. ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡಿ ಬರೆಯಬೇಕು. ಲ್ಯಾಬಿನ ಕಿಟಕಿಗೆ ಗಾಜಿಲ್ಲ, ಕೋಟೆ ಕಡೆಯ ಗಾಳಿ ಸುಮ್ಮನಿರುವುದಿಲ್ಲ. ಹಾಗಾಗಿ ನಮ್ಮಲ್ಲೊಂದು ಸಂಪ್ರದಾಯ: ಸೀನಿಯರ್ ರೆಕಾರ್ಡು ನೋಡಿ ಉತ್ತರ ಮೊದಲು, ಅಳತೆ ಆಮೇಲೆ. ನನ್ನ ಗ್ರಾಫು ಬೆಣ್ಣೆ ಸವರಿದಂತೆ ಇಳಿದಿತ್ತು.

"ಲೇ, ಈ ಗಾಳಿಗೆ ನನ್ನ ತಲೆ ಮೇಲಿನ ನಾಕು ಕೂದ್ಲೇ ನಿಲ್ಲಲ್ಲ. ನಿನ್ನ ಗ್ರಾಫು ಹೆಂಗೆ ಅಲ್ಲಾಡದಂಗೆ ಐತೋ?" ಎಂದರು ಮೇಷ್ಟ್ರು.

"ಸಾರ್, ಸೈನ್ ಹಾಕ್ರಿ ಸಾರ್. ಇಲ್ಲಾಂದ್ರೆ ನಾಳೆ ಪರೀಕ್ಷೆಗೆ ಕೂರ್ಸಲ್ಲ."

ಆಗಷ್ಟೇ ಎದುರಿನ ಹಾಸ್ಟೆಲ್ಲಿನಿಂದ ಅವರ ಊಟ ಬಂದಿತ್ತು. ಹೊಗೆಯಾಡುವ ಮುದ್ದೆಯ ನಡುವಿಗೆ ಥರ್ಮಾಮೀಟರ್ ಚುಚ್ಚಿ, "ಇದರ ಉತ್ತರ ಯಾವ ಸೀನಿಯರ್ ಹತ್ರಾನೂ ಇಲ್ಲ. ಕುಂತ್ಕಂಡು ಬರಿ" ಎಂದರು. ಒಂದು ತಾಸು ಬರೆದೆ. ಅಂಚು ಬೇಗ ಆರಿತು, ನಡು ಮೊಂಡು ಹಿಡಿಯಿತು. ಗ್ರಾಫು ಸೊಟ್ಟಸೊಟ್ಟಗಿತ್ತು. ಅದಕ್ಕೇ ಸಹಿ ಹಾಕಿ, ಆರಿದ ಮುದ್ದೆಯನ್ನು ಸಾರಿಗದ್ದಿ ಉಂಡರು.

"ನಮ್ಮೂರು ಮತ್ತೋಡಲ್ಲಿ ಸಣ್ಣವನಿದ್ದಾಗ ಬಾಯಿ ಸುಟ್ಕಂಡು ಕಲ್ತ ಪಾಠ ಕಣಪ್ಪ ಇದು" ಎಂದರು.

ಮುಂದೆ ಅವರು ಕಾಲೇಜು ಬಿಟ್ಟು, ಉಪಗ್ರಹಗಳು ಬಿಸಿಲಲ್ಲಿ ಬೇಯದಂತೆ, ನೆರಳಲ್ಲಿ ಸೆಟೆಯದಂತೆ ಕಾಯುವ ಲೆಕ್ಕ ಹಾಕುತ್ತಾ ದೊಡ್ಡ ವಿಜ್ಞಾನಿಯಾದರು. ನಾನು ಚಿಂತೆ ಮಾಡುವುದರಲ್ಲಿ ಪಳಗಿದೆ.

"ಉಣ್ರಿ, ಆರೋಗ್ತೈತೆ!" ಎಂದಳು ಹೆಂಡತಿ.

ಹಾಳೆ ಹರಿದೆ. ಹೊಸ ಹಾಳೆಯ ಮೊದಲ ಸಾಲು: 'ಇವರು ನನ್ನ ದೆಸೆಯಿಂದ ಒಂದು ದಿನ ತಣ್ಣನೆ ಮುದ್ದೆ ಉಂಡವರು.' ನಾಳೆ ತೊದಲಿದರೆ ತೊದಲುತ್ತೇನೆ, ಅಳತೆಯಾದರೂ ನನ್ನದೇ.

ಪುಟ ತುಂಬಿಸಿ, ಇಷ್ಟರಲ್ಲಿ ಆರಿರಬೇಕೆಂದು ಮುದ್ದೆಯ ನಡುವಿಗೇ ಕೈ ಹಾಕಿದೆ. ಬೆರಳು ಚುರ್ ಎಂದಿತು. ಒಂದು ತಾಸು ಕೂತು ಗ್ರಾಫು ಬರೆದವನು ನಾನೇ!